ದಾಸವಾಳದ ಮೇಲೆ ಬಿಳಿ ಹಿಟ್ಟು



ರಾಜಾಜಿನಗರ, ವಿಜಯನಗರದಲ್ಲಿ ಮನೆಗಳು ಒತ್ತೊತ್ತಾಗಿವೆ. ಆದರೂ ಬಾಗಿಲ ಪಕ್ಕ ಒಂದು ದಾಸವಾಳ, ಒಂದು ಕರಿಬೇವು ಬೆಳೆಸುತ್ತೇವೆ. ಜಾಗ ಇಲ್ಲದವರು ಹಳೇ ಡಬ್ಬದಲ್ಲಾದರೂ ನೆಡುತ್ತೇವೆ. ದಾಸವಾಳ ವರ್ಷವಿಡೀ ಹಸಿರು. ದೇವರ ಹೂವಿನ ದುಡ್ಡು ಉಳಿಯುತ್ತದೆ.

ಒಂದು ದಿನ ಅದರ ಕುಡಿಯಲ್ಲಿ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಾಣುತ್ತದೆ. ಎಲೆ ಮುದುಡುತ್ತದೆ. ಮೊಗ್ಗು ಉದುರುತ್ತದೆ. "ಯಾರದೋ ಕಣ್ಣು ಬಿತ್ತು" ಅಂತೀವಿ. ಕಣ್ಣೂ ಅಲ್ಲ, ಮಾಟವೂ ಅಲ್ಲ. ಅದು ಹಿಟ್ಟು ತಿಗಣೆ. ಮೇಣದ ಪುಡಿ ಹೊದ್ದು ಕೂತು ಗಿಡದ ರಸ ಹೀರುತ್ತದೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ನಾವು ಹಾಲಿಗಾಗಿ ಹಸು ಸಾಕುವ ಹಾಗೆ ಇರುವೆ ಈ ತಿಗಣೆಯನ್ನು ಕಾಯುತ್ತದೆ! ಇರುವೆ ಸಾಲು ಕಂಡರೆ ಜಾಡು ಹಿಡಿದು ನೋಡಿ.

2008ರಲ್ಲಿ ಹೊರದೇಶದ ಒಂದು ಹಿಟ್ಟು ತಿಗಣೆ ಕೊಯಮತ್ತೂರಿನಲ್ಲಿ ಕಾಣಿಸಿತು. ಅಲ್ಲಿಂದ ಹರಡಿತು. ಪರಂಗಿ, ಹಿಪ್ಪುನೇರಳೆ, ದಾಸವಾಳ ಯಾವುದನ್ನೂ ಬಿಡಲಿಲ್ಲ. ಹಿಪ್ಪುನೇರಳೆ ಹಾಳಾದರೆ ರೇಷ್ಮೆ ಹುಳುವಿಗೆ ಮೇವಿಲ್ಲ, ಸಾಕುವ ಮನೆಗೆ ಊಟವಿಲ್ಲ. ಔಷಧಿ ಹೊಡೆದರೆ ಮೇಣ ತಡೆಯುತ್ತಿತ್ತು. 2010ರಲ್ಲಿ ನಮ್ಮ ಹೆಬ್ಬಾಳದ ಕೃಷಿ ಕೀಟ ಸಂಸ್ಥೆಯವರು ಪೋರ್ಟೊರಿಕೋದಿಂದ ಪುಟ್ಟ ಕಣಜ ತರಿಸಿದರು. ಅದು ಸಾಸಿವೆಗಿಂತ ಚಿಕ್ಕದು, ನಮ್ಮನ್ನು ಕಚ್ಚುವುದಿಲ್ಲ. ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ತಿಗಣೆಯನ್ನು ಒಳಗಿಂದಲೇ ತಿಂದು ಹೊರಬರುತ್ತದೆ. ಪಿಡುಗು ಇಳಿಯಿತು. ಹುಳಕ್ಕೆ ಹುಳವೇ ಮದ್ದಾಯಿತು.

ಮನೆ ಗಿಡಕ್ಕೆ ಇಷ್ಟು ಮಾಡಿ. ನಲ್ಲಿಯಲ್ಲಿ ನೀರು ಬಂದ ದಿನ ಕುಡಿಗೆ ಜೋರಾಗಿ ನೀರು ಹೊಡೆಯಿರಿ. ತುಂಬಾ ಹತ್ತಿದ್ದರೆ ಆ ರೆಂಬೆ ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಸಿಂಪಡಿಸಿ. ಒಂದು ಜಾತಿಯ ಗುಲಗಂಜಿ ಹುಳದ ಮರಿಯೂ ಹೀಗೇ ಬೆಳ್ಳಗಿರುತ್ತದೆ. ಆದರೆ ದೊಡ್ಡದು, ಚುರುಕಾಗಿ ಓಡಾಡುತ್ತದೆ. ತಿಗಣೆಯೇ ಅದರ ಊಟ. ಅದನ್ನು ಹೊಸಕಬೇಡಿ.

ಇನ್ನು ಕರಿಬೇವು. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಂಡಿದ್ದು ಸ್ವಲ್ಪ ದಿನಕ್ಕೆ ಹಸಿರು ಹುಳವಾಗುತ್ತದೆ. ಅದು ಚಿಟ್ಟೆಯ ಮರಿ. ನಮ್ಮಲ್ಲಿ ಕೆಲವರು ಜಿರಲೆ ಔಷಧಿಯನ್ನೇ ಅದಕ್ಕೆ ಹೊಡೀತಾರೆ. ಅದೇ ಸೊಪ್ಪು ಸಾರಿನ ಒಗ್ಗರಣೆಗೆ ಬೀಳುತ್ತದೆ, ಮಕ್ಕಳ ತಟ್ಟೆಗೆ ಬರುತ್ತದೆ. ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಬೇಡ. ಕಡ್ಡಿಯಿಂದ ಹುಳ ಎತ್ತಿ ನಿಂಬೆ ಗಿಡಕ್ಕೆ ಬಿಡಿ, ಆ ಎಲೆಯನ್ನೂ ತಿನ್ನುತ್ತದೆ. ನಿಂಬೆ ಗಿಡದವರನ್ನು ಮಾತ್ರ ಮೊದಲು ಕೇಳಿ!