ಸಾಲ ಹರಿಯುವ ಲೆಕ್ಕ



ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೀವೆಲ್ಲ ಬಲ್ಲಿರಿ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಲಕ್ಕಮ್ಮ ತಾಯಿಯವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ತಿರುಗಿ ಕಳಿಸಿದರು. ಇಂದು ನಮ್ಮ ಮನೆಗಳಿಗೆ ಹೆಚ್ಚಾಗಿ ಬರುತ್ತಿರುವುದು ಸಾಲ!

ಮಗಳ ಮದುವೆಗೆಂದು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 50,000 ತಂದಿರೆಂದು ತಿಳಿಯೋಣ. ತಿಂಗಳ ಬಡ್ಡಿಯೇ 1,500, ವರ್ಷಕ್ಕೆ 18,000. ಬಡ್ಡಿಯಷ್ಟನ್ನೇ ಕಟ್ಟುತ್ತ ಹೋದರೆ ಹತ್ತು ವರ್ಷದ ಮೇಲೂ ಅಸಲು ಹಾಗೆಯೇ ಕುಳಿತಿರುತ್ತದೆ. ಅದೇ ತಿಂಗಳಿಗೆ 3,000 ಕಟ್ಟಿರಿ, ಎರಡು ವರ್ಷದೊಳಗೆ ಸಾಲ ಹರಿಯುತ್ತದೆ. ಹೆಚ್ಚಿನ ಹಣ ಅಸಲಿಗೇ ಜಮಾ ಆಗಬೇಕೆಂದು ಸಾಹುಕಾರರೊಡನೆ ಮೊದಲೇ ಮಾತಾಡಿರಿ. ಪ್ರತಿ ಸಲವೂ ಪಾವತಿ ಬರೆಸಿಕೊಳ್ಳಿರಿ.

ಆ ಮೇಲಿನ 1,500 ಎಲ್ಲಿಂದ? ಖರ್ಚು ಕಡಿಮೆ ಮಾಡೆಂದ ಕೂಡಲೆ ಗಂಡಸರು ಅಡಿಗೆಮನೆಯತ್ತ ಕೈ ತೋರಿಸುತ್ತಾರೆ. ಕೂಸಿನ ಹಾಲು, ಹುಡುಗರ ಪುಸ್ತಕ, ಮುದುಕರ ಔಷಧ, ಇವನ್ನು ಮುಟ್ಟಬೇಡಿರಿ. ಹೋಟೆಲಿನ ಚಹಾಕ್ಕೆ ದಿನಕ್ಕೆ 20, ಬೀಡಿ ತಂಬಾಕಿಗೆ 30 ಹೋಗುತ್ತಿದ್ದರೆ ತಿಂಗಳಿಗೆ ಸರಿಯಾಗಿ 1,500 ಆಯಿತು! ಲೆಕ್ಕದ ವಹಿಯನ್ನು ತಾಯಂದಿರ ಕೈಗೆ ಕೊಡಿರಿ.

ಇನ್ನೊಂದು ಮಾತು. ಸಾಲದಲ್ಲಿರುವವರು ಜಾತ್ರೆಗೆ ಬರಿಗೈಯಲ್ಲಿ ಬರಲು ನಾಚಿ, ಕೈಗಡ ತಂದು ಕಾಣಿಕೆ ಇಡುತ್ತಾರೆ. ಅದು ದಾಸೋಹವಾಗದು, ದಾಸೋಹ ಕಾಯಕದಿಂದ ಬಂದುದಾಗಿರಬೇಕು. ಸಾಲ ಹರಿಯುವವರೆಗೆ ನಿಮ್ಮ ಕಾಣಿಕೆಯನ್ನು ನಾವು ಒಲ್ಲೆವು. ಮಕ್ಕಳನ್ನು ಕರೆದುಕೊಂಡು ಬನ್ನಿರಿ, ಪ್ರಸಾದ ತೆಗೆದುಕೊಂಡು ಹೋಗಿರಿ.