ತರುಣನ ಮೊದಲ ಪಿಸ್ತೂಲು

ಪಿಸ್ತೂಲೆಂಬ ಮಾತು ಕಿವಿಗೆ ಬಿದ್ದೊಡನೆಯೇ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಗಾಬರಿ ಹುಟ್ಟುವುದು ಸಹಜ. ನಾಟಕದಲ್ಲಿಯೂ ಚಲಚ್ಚಿತ್ರದಲ್ಲಿಯೂ ಖಳನ ಕೈಯಲ್ಲಿ ಮಾತ್ರ ಕಂಡ ವಸ್ತುವನ್ನು ಹದಿಮೂರು ವರ್ಷದ ಮಗನೋ ಮಗಳೋ ತನಗೆ ಬೇಕೆಂದು ಕೇಳಿದರೆ ತಾಯಿತಂದೆಗಳು ಏನೆಂದು ಉತ್ತರ ಕೊಡಬೇಕು? ಈ ಪ್ರಶ್ನೆ ಈಗ ಅಪರೂಪದ್ದಲ್ಲ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು ಹತ್ತು ಮೀಟರಿನ ಏರ್ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕಗಳನ್ನು ಗಳಿಸಿದರು. ಒಂದು ತಾವೊಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗರ ಜೊತೆಯಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಐವತ್ತು ಮೀಟರಿನ ಪಿಸ್ತೂಲಿಗೆ ಬೆಳ್ಳಿಯ ಪದಕವನ್ನು ತಂದಿದ್ದರು. ಇಂಥ ಸುದ್ದಿಯನ್ನು ಓದಿದ ಮಕ್ಕಳು ಕೇಳದೆ ಬಿಡುವರೆ?

ನಾವು ಇಲ್ಲಿ ಹೇಳಹೊರಟಿರುವುದು ಗುರಿಯ ಆಟಕ್ಕೆ ಬೇಕಾದ ಪಿಸ್ತೂಲಿನ ಮಾತು. ಆತ್ಮರಕ್ಷಣೆ, ಬೇಟೆ ಇವುಗಳಿಗೂ ಇದಕ್ಕೂ ಸಂಬಂಧವಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಕಂಡವರು, ಗುರಿಯೆಂಬುದು ಸಭ್ಯರ ವಿನೋದವೂ ಆಗಬಲ್ಲದೆಂಬುದನ್ನು ಬಲ್ಲರು. ಅಲ್ಲಿ ಹಿಡಿಯುವುದು ಬಂದೂಕನ್ನು. ಭುಜದ ಆಸರೆಯುಂಟು, ಎರಡು ಕೈಗಳುಂಟು. ಪಿಸ್ತೂಲಿನ ಪಂದ್ಯದಲ್ಲಿಯಾದರೋ ಒಂದೇ ಕೈ. ಅದನ್ನು ನೀಳವಾಗಿ ಚಾಚಿ, ಇನ್ನಾವ ಆಸರೆಯೂ ಇಲ್ಲದೆ ನಿಲ್ಲಬೇಕು. ಕಷ್ಟವೆಲ್ಲ ಹುಟ್ಟುವುದು ಅಲ್ಲಿಯೇ.

ಮೊದಲ ಪಿಸ್ತೂಲು ಯಾವುದು ಎಂಬುದಕ್ಕೆ ನಮ್ಮ ಉತ್ತರ ಸಂಕ್ಷೇಪವಾದುದು: ಗಾಳಿಯ ಒತ್ತಡದಿಂದ ಸೀಸದ ಗುಂಡನ್ನು ತಳ್ಳುವ, 4.5 ಮಿಲಿಮೀಟರ್ ವ್ಯಾಸದ ಏರ್ ಪಿಸ್ತೂಲು. ಮದ್ದಿನ ಪಿಸ್ತೂಲಿನಲ್ಲಿ ಅತ್ಯಂತ ಕಿರಿದಾದ .22, ಎಂದರೆ 5.6 ಮಿಲಿಮೀಟರಿನದು, ಅದರ ಬಳಿಕ ಬರಬೇಕಾದುದು. ಕಾನೂನೂ ಇದನ್ನೇ ಸೂಚಿಸುತ್ತದೆ. 1959ರ ಶಸ್ತ್ರ ಅಧಿನಿಯಮದಂತೆ ಇಪ್ಪತ್ತೊಂದು ವರ್ಷ ತುಂಬದವರು ಮದ್ದಿನ ಆಯುಧವನ್ನು ತಮ್ಮದಾಗಿ ಪಡೆಯುವಂತಿಲ್ಲ. ಕಿರಿಯರಿಗೆ ದೊರೆಯುವುದು ತರಬೇತಿಯ ಸಂದರ್ಭದಲ್ಲಿ, ನಿಯಮಗಳು ವಿಧಿಸಿದ ವಯಸ್ಸಿಗೂ ಕಟ್ಟುಪಾಡಿಗೂ ಒಳಪಟ್ಟು ಉಪಯೋಗಿಸುವ ಅವಕಾಶ ಮಾತ್ರ. ಕಾನೂನಿನ ಮಾತು ಹಾಗಿರಲಿ. .22ರ ಗುಂಡು ಸಣ್ಣದೆಂದು ಕಂಡರೂ ತಡೆಯಿಲ್ಲದಿದ್ದರೆ ಒಂದು ಮೈಲಿಯನ್ನೂ ಮೀರಿ ಹೋಗಬಲ್ಲದು. ಅದರ ಸದ್ದಿಗೆ ಹೊಸಬನು ಕಣ್ಣು ಮುಚ್ಚುತ್ತಾನೆ, ಮಣಿಕಟ್ಟನ್ನು ಬಿಗಿಯುತ್ತಾನೆ. ಒಮ್ಮೆ ಬಂದ ಈ ಬೆಚ್ಚುವ ಚಾಳಿಯನ್ನು ಬಿಡಿಸುವುದಕ್ಕೆ ವರ್ಷಗಳು ಹಿಡಿಯುವುದನ್ನು ನಾವು ಕಂಡಿದ್ದೇವೆ. ಏರ್ ಪಿಸ್ತೂಲಿನಲ್ಲಿ ಒದೆತವಿಲ್ಲ, ಸದ್ದು ಅಲ್ಪ, ಗುಂಡಿನ ಬೆಲೆಯೂ ಅಲ್ಪ. ತಪ್ಪು ಯಾರದೆಂಬುದು ಮಾತ್ರ ಸ್ಪಷ್ಟವಾಗಿ ತಿಳಿಯುತ್ತದೆ.

ಆ ತಪ್ಪಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಹತ್ತು ಮೀಟರ್ ದೂರದಲ್ಲಿರುವ ಗುರಿಯ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು ಎನ್ನಿರಿ. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ನಿಂತ ಗೂಟವನ್ನು ಹಿಂಭಾಗದ ಕಚ್ಚಿನ ನಡುವೆ ಸಮನಾಗಿ ಕಾಣುವಂತೆ ಹಿಡಿಯಬೇಕು. ಇವೆರಡರ ನಡುವಣ ಅಂತರ ಸುಮಾರು ಮೂವತ್ತು ಸೆಂಟಿಮೀಟರ್. ಗೂಟವು ಕಚ್ಚಿನಲ್ಲಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಹಲಗೆಯ ಮೇಲೆ ಮೂವತ್ತಮೂರು ಮಿಲಿಮೀಟರ್ ಸರಿಯುತ್ತದೆ. ಹತ್ತಕ್ಕೆ ಬದಲು ಆರು ಅಂಕ. ಕೈ ಇಡಿಯಾಗಿ ಒಂದೆರಡು ಮಿಲಿಮೀಟರ್ ಅಲುಗಿದರೂ, ಗೂಟವೂ ಕಚ್ಚೂ ಒಂದೇ ಸಾಲಿನಲ್ಲಿದ್ದರೆ, ಗುಂಡೂ ಅಷ್ಟೇ ಸರಿದೀತು, ನಷ್ಟವಿಲ್ಲ. ಆದುದರಿಂದ ನಡುಗುವ ಕೈಯಿಗಿಂತ ತಿರುಚುವ ಮಣಿಕಟ್ಟು ಹೆಚ್ಚಿನ ವೈರಿ. ಆ ಮಣಿಕಟ್ಟನ್ನು ತಿರುಚಿಸುವುದು ಬಹುಮಟ್ಟಿಗೆ ಕೈಗೆ ಒಗ್ಗದ ಹಿಡಿ.

ಈ ಪಾಠವನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ತಂಗಿಯ ಮಗನೊಬ್ಬನಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅವನಿಗೊಂದು ಪಿಸ್ತೂಲನ್ನು ಕೊಡಿಸುವ ಉತ್ಸಾಹ ನಮಗೆ ಅವನಿಗಿಂತ ಹೆಚ್ಚಾಗಿತ್ತು. ಪಂದ್ಯಗಳಲ್ಲಿ ದೊಡ್ಡ ಗುರಿಗಾರರು ಹಿಡಿಯುವಂಥದೇ ಬೇಕೆಂದು ಹಟ ಹಿಡಿದವರು ನಾವೇ. ಯಾರೋ ಉಪಯೋಗಿಸಿ ಬಿಟ್ಟ ಒಳ್ಳೆಯ ಜರ್ಮನ್ ಪಿಸ್ತೂಲೊಂದು ದೊರೆಯಿತು. ಅದರ ಮರದ ಹಿಡಿಯನ್ನು ಆಳೆತ್ತರದ ಗಂಡಸಿನ ಅಂಗೈಗೆಂದು ಕಡೆದಿದ್ದರು. ನಮ್ಮ ಹುಡುಗನ ತೋರುಬೆರಳು ಟ್ರಿಗರನ್ನು ಮುಟ್ಟುವುದಕ್ಕೆ ಅಂಗೈಯನ್ನೇ ಪಕ್ಕಕ್ಕೆ ಹೊರಳಿಸಬೇಕಾಗಿತ್ತು. ತೂಕವೋ, ಒಂದು ಕಿಲೋಗ್ರಾಮಿಗೂ ಮೇಲೆ. ನಾಲ್ಕು ತಿಂಗಳು ಹುಡುಗ ಬಾಯಿ ಬಿಡದೆ ಹೋಗಿಬಂದ. ಗುಂಡುಗಳೆಲ್ಲ ಎಡಕ್ಕೆ ಬೀಳುತ್ತಿದ್ದವು. ಒಂದು ಸಂಜೆ ಪಿಸ್ತೂಲಿನ ಪೆಟ್ಟಿಗೆಯನ್ನು ನಮ್ಮ ಮುಂದಿಟ್ಟು, "ಮಾವ, ಪಿಸ್ತೂಲು ಚೆನ್ನಾಗಿಯೇ ಇದೆ. ನನ್ನ ಕೈಯೇ ಸರಿಯಿಲ್ಲ. ಇನ್ನು ಹೋಗುವುದಿಲ್ಲ," ಎಂದ. ಅವನ ಮಣಿಕಟ್ಟು ಊದಿಕೊಂಡಿತ್ತು. ನಾವು ಮಾಡಿದ ತಪ್ಪನ್ನು ಹುಡುಗ ತನ್ನದೆಂದು ಹೊತ್ತುಕೊಂಡಿದ್ದನಲ್ಲ ಎಂದು ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಆದುದರಿಂದ ಮೊದಲು ನೋಡಬೇಕಾದುದು ಹಿಡಿ, ಹೆಸರಲ್ಲ. ಸ್ಟೈರ್, ವಾಲ್ಥರ್, ಮೊರಿನಿ, ಫೈನ್‌ವೆರ್ಕ್‌ಬೌ, ಪಾರ್ಡಿನಿ ಇವೆಲ್ಲವೂ ಒಳ್ಳೆಯ ಮನೆತನದವೇ. ಇವುಗಳಲ್ಲಿ ಯಾವುದು ಮೇಲೆಂದು ಹಳೆಯ ಗುರಿಗಾರರು ವಾದಿಸುತ್ತಿರಲಿ. ಹಿಡಿಗಳು ಸಣ್ಣ, ನಡುವಣ, ದೊಡ್ಡ ಎಂಬ ಅಳತೆಗಳಲ್ಲಿ ಬರುತ್ತವೆ. ಬಲಗೈಗೆ ಬೇರೆ, ಎಡಗೈಗೆ ಬೇರೆ. ಮಗುವು ಕಣ್ಣು ಮುಚ್ಚಿಕೊಂಡು ಪಿಸ್ತೂಲನ್ನು ಎತ್ತಿ, ಕೈ ಚಾಚಿ, ಬಳಿಕ ಕಣ್ಣು ತೆರೆಯಲಿ. ಗೂಟವು ಕಚ್ಚಿನ ನಡುವೆಯೇ ನಿಂತಿದ್ದರೆ ಹಿಡಿ ಒಗ್ಗಿತು. ಪ್ರತಿಸಲವೂ ಒಂದೇ ಪಕ್ಕಕ್ಕೆ ವಾಲಿದ್ದರೆ ಹಿಡಿಯನ್ನು ಬದಲಿಸಬೇಕು, ಇಲ್ಲವೆ ಅರದಿಂದ ಉಜ್ಜಿ ತಿದ್ದಬೇಕು. ಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರವಾಗಿ ಕೂರಬೇಕು. ಎಡಗೈಯ ಮಕ್ಕಳನ್ನು ಬಲಗೈಗೆ ಎಳೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ. ಹಂಗೆರಿಯ ಕಾರೊಯ್ ಟಾಕಾಚ್ ಎಂಬ ಸೈನಿಕನ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ಹಾಳಾಯಿತು. ಆತ ಎಡಗೈಯಿಂದಲೇ ಅಭ್ಯಾಸ ಮಾಡಿ 1948ರಲ್ಲಿ ಲಂಡನ್ನಿನಲ್ಲಿಯೂ 1952ರಲ್ಲಿ ಹೆಲ್ಸಿಂಕಿಯಲ್ಲಿಯೂ ಒಲಿಂಪಿಕ್ ಚಿನ್ನವನ್ನು ಗೆದ್ದನು. ಯಾವ ಕೈಯಾದರೇನು!

ತೂಕದ ವಿಷಯದಲ್ಲಿ ಪಂದ್ಯದ ನಿಯಮ 1500 ಗ್ರಾಮಿನ ಮೇಲ್ಮಿತಿಯನ್ನು ಮಾತ್ರ ಹಾಕಿದೆ, ಕೆಳಮಿತಿ ಇಲ್ಲ. ಕಿರಿಯರಿಗೆಂದು ನಳಿಗೆ ಗಿಡ್ಡದಾದ ಹಗುರ ಮಾದರಿಗಳುಂಟು. ಪಂದ್ಯದಲ್ಲಿ ಅರುವತ್ತು ಗುಂಡುಗಳಿಗೆ ಎಪ್ಪತ್ತೈದು ನಿಮಿಷ. ಎಂದರೆ ಕೈಯನ್ನು ಅರುವತ್ತು ಸಲವಲ್ಲ, ನೂರು ಸಲವಾದರೂ ಎತ್ತಿ ಇಳಿಸಬೇಕಾಗುತ್ತದೆ; ಸರಿಯೆನಿಸದಿದ್ದರೆ ಹೊಡೆಯದೆ ಇಳಿಸುವುದೂ ಒಂದು ವಿದ್ಯೆಯಷ್ಟೆ. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿ "ಭಾರವಿಲ್ಲ" ಎನ್ನುವುದರಿಂದ ಏನೂ ತಿಳಿಯದು. ಟ್ರಿಗರು ಅರ್ಧ ಕಿಲೋಗ್ರಾಮಿನ ತೂಕವನ್ನು ತೂಗುಹಾಕಿದರೂ ಬಿಡಬಾರದೆಂಬುದು ಏರ್ ಪಿಸ್ತೂಲಿನ ನಿಯಮ. ಅದಕ್ಕಿಂತ ಮೃದುವಾಗಿ ತಿರುಗಿಸಿಟ್ಟು ಮಾರುವವರುಂಟು. ಕೊಳ್ಳುವಾಗ ಸೊಗಸೆನಿಸುತ್ತದೆ, ಪಂದ್ಯದ ದಿನ ತಪಾಸಣೆಯಲ್ಲಿ ನಿಲ್ಲುವುದಿಲ್ಲ.

ಒತ್ತಡವನ್ನು ತುಂಬುವ ರೀತಿ ಮೂರು ವಿಧ. ಸ್ಪ್ರಿಂಗಿನದು ಅಗ್ಗ, ಆದರೆ ಹೊಡೆದಾಗ ಜಿಗಿಯುತ್ತದೆ; ಹಿತ್ತಲಿನ ವಿನೋದಕ್ಕೆ ಸಾಕು. ಒಂದೇ ಸಲ ಸನ್ನೆಯನ್ನು ಒತ್ತಿ ಗಾಳಿ ತುಂಬುವ ಬಗೆ ಬಹು ನಂಬಿಕೆಯದು. ಕಿರಿಯರ ತೋಳಿಗೆ ಮಾತ್ರ ಆ ಸನ್ನೆ ಗಡಸು. ಮೂರನೆಯದು ಗಾಳಿಯನ್ನು ಮೊದಲೇ ತುಂಬಿಟ್ಟ ಸಿಲಿಂಡರಿನದು. ಪಂದ್ಯಗಳಲ್ಲಿ ಈಗ ಕಾಣುವುದೆಲ್ಲ ಇದೇ. ಹಳೆಯದನ್ನು ಕೊಳ್ಳುವವರು ಸಿಲಿಂಡರಿನ ಮೇಲೆ ಕೊರೆದಿರುವ ದಿನಾಂಕವನ್ನು ಓದಬೇಕು. ಸಾಮಾನ್ಯವಾಗಿ ಹತ್ತು ವರ್ಷದ ಅವಧಿ. ಅದು ಮೀರಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕುವುದು ಮೇಲು. ಬಿಡಿಭಾಗ ದೊರೆಯುವುದೇ, ರಿಪೇರಿ ಬಲ್ಲವರು ಊರಿನಲ್ಲಿರುವರೇ ಎಂಬುದನ್ನೂ ಕೇಳಿರಿ. 2021ರಲ್ಲಿ ಟೋಕಿಯೋದಲ್ಲಿ ಇದೇ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟು, ಸರಿಪಡಿಸುವುದರಲ್ಲಿ ನಿಮಿಷಗಳು ಕಳೆದು, ಅವರು ಅಂತಿಮ ಸುತ್ತನ್ನು ಸೇರಲಾಗಲಿಲ್ಲ. ಅತ್ಯುತ್ತಮವಾದ ಯಂತ್ರವೂ ಯಂತ್ರವೇ.

ಆದರೆ ಇವೆಲ್ಲಕ್ಕೂ ಮೊದಲು ಒಂದು ಮಾತು: ಮೂರು ನಾಲ್ಕು ತಿಂಗಳು ಏನನ್ನೂ ಕೊಳ್ಳಬೇಡಿರಿ. ಅಭ್ಯಾಸದ ರೇಂಜುಗಳಲ್ಲಿ ಸಂಸ್ಥೆಯ ಪಿಸ್ತೂಲುಗಳಿರುತ್ತವೆ. ಅವುಗಳಲ್ಲಿ ಕಲಿಯಲಿ. ಗುಂಡಿಲ್ಲದೆ ಬಿಳಿಯ ಗೋಡೆಯ ಕಡೆಗೆ ಹಿಡಿದು, ಗೂಟವನ್ನೇ ನೋಡುತ್ತ ಟ್ರಿಗರನ್ನು ಒತ್ತುವ ನೀರಸವಾದ ಅಭ್ಯಾಸವೊಂದುಂಟು. ಅದನ್ನು ದಿನಕ್ಕೆ ಇಪ್ಪತ್ತು ನಿಮಿಷ ಬೇಸರಿಸದೆ ಮಾಡುವ ಮಗುವಿಗೆ ಪಿಸ್ತೂಲು ಕೊಡಿಸಬಹುದು. ಸದ್ದಿಗಾಗಿ ಮಾತ್ರ ಬರುವ ಮಗುವಿನ ಆಸೆ ಆ ವೇಳೆಗೆ ತಾನಾಗಿ ಇಳಿದಿರುತ್ತದೆ.

ಮನೆಗೆ ತಂದ ಮೇಲೆ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಹಿರಿಯರು ಇಟ್ಟುಕೊಳ್ಳಬೇಕು. ಗುಂಡುಗಳನ್ನು ಬೇರೆಡೆ ಇಡಬೇಕು. ಏರ್ ಪಿಸ್ತೂಲೆಂದು ಉದಾಸೀನ ಮಾಡಲಾಗದು. ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ಗುಂಡು ಸೀಸದ್ದಾದುದರಿಂದ ಅಭ್ಯಾಸವಾದ ಮೇಲೆ ಕೈ ತೊಳೆಯದೆ ತಿಂಡಿಯನ್ನು ಮುಟ್ಟಬಾರದು. ನಮ್ಮ ತಂಗಿ ಇದೊಂದನ್ನು ನಮಗಿಂತ ಬಿಗಿಯಾಗಿ ನಡಸಿದಳು.

ನಮ್ಮ ಹುಡುಗನ ಮಣಿಕಟ್ಟಿಗೆ ಆರು ವಾರ ವಿಶ್ರಾಂತಿ ಬೇಕಾಯಿತು. ಬಳಿಕ ರೇಂಜಿನ ಶಿಕ್ಷಕರು ಸಣ್ಣ ಹಿಡಿಯ ಗಿಡ್ಡ ಪಿಸ್ತೂಲೊಂದನ್ನು ಅವನ ಕೈಗೆ ಕೊಟ್ಟರು. ಮೊದಲ ಹತ್ತು ಗುಂಡುಗಳಲ್ಲಿ ಎಡಕ್ಕೆ ಬಿದ್ದವು ಎರಡೇ. ಹುಡುಗ ಹಲಗೆಯನ್ನು ನೋಡಲಿಲ್ಲ, ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆ ಜರ್ಮನ್ ಪಿಸ್ತೂಲನ್ನು ನಾವು ಕೊಂಡದ್ದಕ್ಕಿಂತ ಕಡಮೆ ಬೆಲೆಗೆ ಮಾರಿದೆವು; ಕೊಂಡವರದು ಆರಡಿಯ ಆಳು, ದೊಡ್ಡ ಅಂಗೈ. ಅವರಿಗೆ ಅದು ಹೇಳಿ ಮಾಡಿಸಿದಂತಿದೆಯೆಂದು ಕೇಳಿದ್ದೇವೆ.