ಮುಚ್ಚಿಟ್ಟ ಮುಂಬಯಿ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ನಮ್ಮ ಚಾಳಿನಲ್ಲಿ ಹುಡುಗನೊಬ್ಬ, ಊರಿನಿಂದ ಬಂದ ಅಜ್ಜಿಗೆ ಗೆಳೆಯರೆದುರು ಮಾತಾಡಬೇಡವೆಂದು ಕಣ್ಸನ್ನೆ ಮಾಡಿದ. ನನಗೆ ಮರ್ಲ್ ಒಬೆರಾನಳ ನೆನಪಾಯಿತು.

1939ರ ‘ವುದರಿಂಗ್ ಹೈಟ್ಸ್’ ಚಿತ್ರದ ನಾಯಕಿ ಆಕೆ. ಹುಟ್ಟಿದ್ದು ಇದೇ ಮುಂಬಯಿಯಲ್ಲಿ, 1911ರ ಫೆಬ್ರವರಿಯಲ್ಲಿ. ಆದರೆ ತಾನು ಆಸ್ಟ್ರೇಲಿಯದ ಟಾಸ್ಮೇನಿಯದವಳೆಂದೇ ಹೇಳಿಕೊಂಡು ಬಂದಳು. ಸಾಕಿದ ಶಾರ್ಲಟ್ ಸಿಂಹಳದವಳು, ಕಪ್ಪು ಮೈಬಣ್ಣದವಳು. ಬಂದವರ ಮುಂದೆ ಅವಳು ಮನೆಗೆಲಸದವಳಾಗಿ ನಿಲ್ಲಬೇಕಾಗಿತ್ತಂತೆ. 1937ರಲ್ಲಿ ಆ ಮುದುಕಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ, ಹಳೆಯ ಫೋಟೋ ಕೊಟ್ಟು ಅವಳ ಚಿತ್ರ ಬರೆಯಿಸಿದಳು. ಬಣ್ಣ ಮಾತ್ರ ತಿಳಿಯಾಗಿರಲೆಂದು ಚಿತ್ರಕಾರನಿಗೆ ಹೇಳಿದಳಂತೆ! ಪ್ರೀತಿ ಇತ್ತು, ನೋಡಿ, ಧೈರ್ಯ ಸಾಲಲಿಲ್ಲ.

ಹಳಿಯುವುದು ಸುಲಭ. ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪಿತ್ತಿತ್ತು. 1946ರವರೆಗೂ ಅದೇ ಕಾನೂನು. ನಿಜ ನುಡಿದಿದ್ದರೆ ಹಾಲಿವುಡ್ಡಿನಲ್ಲಿ ನಾಯಕಿಯ ಪಾತ್ರ ಸಿಗುತ್ತಿತ್ತೇ?

1979ರಲ್ಲಿ ಆಕೆ ತೀರಿಕೊಂಡಳು. 1983ರಲ್ಲಿ ಬಂದ ಜೀವನಚರಿತ್ರೆ ಗುಟ್ಟನ್ನು ಹೊರಗೆಡಹಿತು. ಬಂಧುವೊಬ್ಬರು ಮುಂಬಯಿಯ ದಫ್ತರದಿಂದ ಜನನಪತ್ರ ತೆಗೆಸಿ ನೋಡಿದರೆ ಮತ್ತೊಂದು ಗಂಟು ಬಿಚ್ಚಿತು: ಶಾರ್ಲಟ್ ತಾಯಿಯಲ್ಲ, ಅಜ್ಜಿ, ಅಕ್ಕನೆನಿಸಿಕೊಂಡಿದ್ದ ಕಾನ್‌ಸ್ಟನ್ಸಳೇ ಹೆತ್ತವಳು, ಹೆರುವಾಗ ಆಕೆ ಇನ್ನೂ ಬಾಲೆ.

2023ರಲ್ಲಿ ಮಲೇಶಿಯದ ಮಿಶೆಲ್ ಯೋ ಅತ್ಯುತ್ತಮ ನಟಿಯ ಆಸ್ಕರ್ ಪಡೆದರಷ್ಟೆ. ಆಗ ಪತ್ರಿಕೆಗಳು ಹಳೆಯ ಪಟ್ಟಿಗಳನ್ನು ತಿರುವಿದವು. ಆ ಬಹುಮಾನಕ್ಕೆ ಹೆಸರು ಸೂಚಿತವಾಗಿದ್ದ ಏಷ್ಯಮೂಲದ ಮೊದಲ ನಟಿ, 1935ರ ಚಿತ್ರವೊಂದಕ್ಕಾಗಿ, ನಮ್ಮ ಮುಂಬಯಿಯ ಮರ್ಲ್.